ಜಾಲತಾಣಗಳ ಲಿಂಗ ಕಲಂ: ಸಂಕೇತದಿಂದ ಸರ್ವನಾಮದವರೆಗೆ

ಸಾರಾಂಶ: ಸಾಮಾಜಿಕ ಜಾಲತಾಣಗಳ ಪ್ರೊಫೈಲಿನಲ್ಲಿರುವ ಲಿಂಗ ಕಲಂ ಕಳೆದ ಎರಡು ದಶಕಗಳಲ್ಲಿ ಹಲವು ರೂಪಗಳನ್ನು ತಾಳಿದೆ. ಈ ಬದಲಾವಣೆಯನ್ನು ಹಕ್ಕುಗಳ ಚರಿತ್ರೆಯಾಗಿ ಓದುವುದು ರೂಢಿ. ಪ್ರಸ್ತುತ ಲೇಖನ ಅದನ್ನು ವ್ಯಾಕರಣದ ಚರಿತ್ರೆಯಾಗಿಯೂ ಓದುತ್ತದೆ. ಒಂದೇ ಕಲಮಿಗೆ ವಹಿಸಲಾಗಿದ್ದ ಮೂರು ಕೆಲಸಗಳು ಒಂದರಿಂದೊಂದು ಬೇರ್ಪಟ್ಟ ಬಗೆಯನ್ನು ಗುರುತಿಸಿ, ಕನ್ನಡದ ಗೌರವ ಬಹುವಚನವು ನಾನ್‌ಬೈನರಿ ವ್ಯಕ್ತಿಗಳ ಉಲ್ಲೇಖಕ್ಕೆ ಎಷ್ಟರಮಟ್ಟಿಗೆ ಒದಗುತ್ತದೆ ಎಂಬುದನ್ನು ಪರಿಶೀಲಿಸುತ್ತದೆ.

ಕೀಲಿಪದಗಳು: ಲಿಂಗತ್ವ, ಸರ್ವನಾಮ, ಅನ್ವಯ, ಗೌರವ ಬಹುವಚನ, ತಂತ್ರಾಂಶ ಅನುವಾದ

1. ಪ್ರಸ್ತಾವನೆ

ಜಾಲತಾಣವೊಂದು ತನ್ನ ಬಳಕೆದಾರರ ಲಿಂಗವನ್ನು ಏಕೆ ಕೇಳುತ್ತದೆ? ಈ ಪ್ರಶ್ನೆಗೆ ಮೂರು ಉತ್ತರಗಳಿವೆ. ಮೊದಲನೆಯದು ಗುರುತು: ವ್ಯಕ್ತಿಯು ತನ್ನನ್ನು ತಾನು ಹೇಗೆ ಕಂಡುಕೊಂಡಿದ್ದಾನೆ, ಕಂಡುಕೊಂಡಿದ್ದಾಳೆ ಅಥವಾ ಈ ಎರಡಕ್ಕೂ ಹೊರತಾಗಿ ಕಂಡುಕೊಂಡಿದೆ ಎಂಬುದನ್ನು ಇತರರಿಗೆ ತಿಳಿಸುವುದು. ಎರಡನೆಯದು ಅನ್ವಯ: ಆ ವ್ಯಕ್ತಿಯ ಬಗ್ಗೆ ಯಂತ್ರವು ವಾಕ್ಯ ರಚಿಸುವಾಗ ಸರಿಯಾದ ಸರ್ವನಾಮವನ್ನೂ ಪ್ರತ್ಯಯವನ್ನೂ ಆರಿಸುವುದು. ಮೂರನೆಯದು ವರ್ಗೀಕರಣ: ಅಂಕಿ-ಅಂಶ ಮತ್ತು ಜಾಹೀರಾತುಗಳಿಗಾಗಿ ಬಳಕೆದಾರರನ್ನು ಗುಂಪುಗಳಾಗಿ ವಿಂಗಡಿಸುವುದು.

ಮೊದಲ ಉತ್ತರವನ್ನು ಬರೆಯುವಾಗಲೇ ನಮಗೆ ಮೂರು ಕ್ರಿಯಾರೂಪಗಳು ಬೇಕಾದವು. ಮೂರನೆಯದು ಓದುಗರ ಕಿವಿಗೆ ಒರಟಾಗಿ ಕೇಳಿಸಿರಬೇಕು. ಈ ಒರಟುತನವೇ ನಮ್ಮ ವಿಷಯ. ಗಂಡು-ಹೆಣ್ಣೆಂಬ ಇಬ್ಬಗೆಯೊಳಗೆ ತಮ್ಮನ್ನು ಇರಿಸಿಕೊಳ್ಳದವರನ್ನು ನಾನ್‌ಬೈನರಿ ಎಂಬ ಪದ ಹೆಸರಿಸುತ್ತದೆ. ಅವರಿಗೆ ಪ್ರೊಫೈಲಿನಲ್ಲಿ ಸ್ಥಳ ಒದಗಿಸಬೇಕಾದಾಗ ಮೇಲಿನ ಮೂರು ಕೆಲಸಗಳನ್ನು ಒಂದೇ ಕಲಂ ನಿರ್ವಹಿಸಲಾರದು ಎಂಬುದು ಕ್ರಮೇಣ ಸ್ಪಷ್ಟವಾಯಿತು.

2. ಸಂಕೇತಗಳ ಕಾಲ

ಗಣಕಗಳು ಲಿಂಗವನ್ನು ಅಂಕೆಯಾಗಿ ದಾಖಲಿಸುವ ಪದ್ಧತಿ ಜಾಲತಾಣಗಳಿಗಿಂತ ಹಳೆಯದು. 1970ರ ದಶಕದಲ್ಲಿ ರೂಪುಗೊಂಡ ಐಎಸ್‌ಒ 5218 ಎಂಬ ಅಂತರರಾಷ್ಟ್ರೀಯ ಮಾನಕವು ನಾಲ್ಕು ಸಂಕೇತಗಳನ್ನು ನಿಗದಿಪಡಿಸಿತು: 0 ಎಂದರೆ ತಿಳಿಯದು, 1 ಪುರುಷ, 2 ಸ್ತ್ರೀ, 9 ಅನ್ವಯಿಸದು. ಇಲ್ಲಿ ಮನುಷ್ಯರಿಗೆ ಮೀಸಲಾದ ಮೌಲ್ಯಗಳು ಎರಡೇ. ಉಳಿದೆರಡು ದಾಖಲೆಯ ಕೊರತೆಯನ್ನು ಸೂಚಿಸುತ್ತವೆ. ಉತ್ತರವಿಲ್ಲದಿರುವುದು ಮತ್ತು ಉತ್ತರ ಬೇರೆಯಾಗಿರುವುದು ಎರಡೂ ಇಲ್ಲಿ ಒಂದೇ ಗೂಡಿಗೆ ಬೀಳುತ್ತವೆ.

ಇದಕ್ಕೆ ಹೋಲಿಸಿದರೆ 2011ರ ಆಗಸ್ಟಿನಲ್ಲಿ ಪ್ರಕಟವಾದ ವಿಕಾರ್ಡ್ 4.0 ಮಾನಕ (ಆರ್‌ಎಫ್‌ಸಿ 6350) ಬಹಳ ದೂರ ಸಾಗಿದೆ. ವಿದ್ಯುನ್ಮಾನ ಪರಿಚಯಪತ್ರಗಳಿಗಾಗಿ ರಚಿತವಾದ ಅದರ ಲಿಂಗ ಕಲಮಿನಲ್ಲಿ ಎರಡು ಭಾಗಗಳಿವೆ. ಒಂದರಲ್ಲಿ ಪುರುಷ, ಸ್ತ್ರೀ, ಇತರ, ಅನ್ವಯಿಸದು, ತಿಳಿಯದು ಎಂಬ ಐದು ಸಂಕೇತಗಳು; ಇನ್ನೊಂದರಲ್ಲಿ ಲಿಂಗತ್ವವನ್ನು ತಮಗೆ ಬೇಕಾದ ಮಾತಿನಲ್ಲಿ ಬರೆದುಕೊಳ್ಳುವ ಅವಕಾಶ. 'ಇತರ' ಮತ್ತು 'ತಿಳಿಯದು' ಇಲ್ಲಿ ಬೇರೆಬೇರೆಯಾದವು. ವರ್ಗೀಕರಣ ಮತ್ತು ಗುರುತು ಕೂಡ ಬೇರೆಯಾದವು. ಆದರೆ ಅನ್ವಯದ ಪ್ರಶ್ನೆಯನ್ನು ಈ ಮಾನಕ ಮುಟ್ಟಲಿಲ್ಲ. ಪರಿಚಯಪತ್ರವು ವಾಕ್ಯಗಳನ್ನು ಆಡುವುದಿಲ್ಲವಾದ್ದರಿಂದ ಮುಟ್ಟುವ ಅಗತ್ಯವೂ ಇರಲಿಲ್ಲ.

3. 2008: ಅನುವಾದಕರ ದೂರು

ವಾಕ್ಯಗಳನ್ನು ಆಡತೊಡಗಿದ್ದು ಸಾಮಾಜಿಕ ಜಾಲತಾಣಗಳು. ಬಳಕೆದಾರರ ಚಟುವಟಿಕೆಗಳನ್ನು ಅವರ ಗೆಳೆಯರಿಗೆ ವರದಿ ಮಾಡುವ ಪ್ರಥಮ ಪುರುಷದ ಕಿರುವಾಕ್ಯಗಳೇ ಫೇಸ್‌ಬುಕ್‌ನ ಜೀವಾಳ. ಲಿಂಗವನ್ನು ನಮೂದಿಸದವರ ವಿಷಯದಲ್ಲಿ ಇಂಗ್ಲಿಷ್ ಆವೃತ್ತಿಯು 'ದೆಯರ್', 'ದೆಮ್‌ಸೆಲ್ಫ್' ಎಂಬ ರೂಪಗಳನ್ನು ಬಳಸುತ್ತಿತ್ತು. ಬಹುವಚನದ ಕಾಂಡಕ್ಕೆ ಏಕವಚನದ 'ಸೆಲ್ಫ್' ಸೇರಿದ ಈ ಎರಡನೆಯ ರೂಪ ಇಂಗ್ಲಿಷ್ ಶಿಷ್ಟಭಾಷೆಗೆ ಹೊರಗಿನದು. 2008ರ ಜೂನ್ ತಿಂಗಳ ಪ್ರಕಟಣೆಯಲ್ಲಿ ಅದು ನಿಜವಾದ ಪದವೇ ಅಲ್ಲವೆಂದು ಸಂಸ್ಥೆಯೇ ಹೇಳಿಕೊಂಡಿತು.

ಆ ಪ್ರಕಟಣೆಗೆ ಕಾರಣವಾದದ್ದು ಅನುವಾದ ಎಂಬುದು ಭಾಷಾವಿಜ್ಞಾನಿಗಳಿಗೆ ಗಮನಾರ್ಹ. ಅದೇ ವರ್ಷ ಫೇಸ್‌ಬುಕ್ ಬೇರೆ ಭಾಷೆಗಳಿಗೆ ವಿಸ್ತರಿಸುತ್ತಿತ್ತು. ಲಿಂಗ ತಿಳಿಯದ ಬಳಕೆದಾರರ ಬಗೆಗಿನ ವಾಕ್ಯಗಳು ಇತರ ಭಾಷೆಗಳಲ್ಲಿ ಗೊಂದಲಕ್ಕೀಡಾಗುತ್ತಿವೆ, ಅನೇಕರಿಗೆ ತಪ್ಪು ಲಿಂಗ ಅಂಟುತ್ತಿದೆ ಎಂದು ಅನುವಾದಕರೂ ಬಳಕೆದಾರರೂ ತಿಳಿಸಿದರು. ಇದರ ಹಿಂದಿನ ವ್ಯಾಕರಣ ಸರಳವಾದುದು. ರಷ್ಯನ್ ಭಾಷೆಯಲ್ಲಿ ಭೂತಕಾಲದ ಏಕವಚನ ಕ್ರಿಯಾಪದ ಲಿಂಗವನ್ನು ತೋರಲೇಬೇಕು. ಹಿಂದಿಯಲ್ಲಿ ಗೌರವದ ಬಹುವಚನವೂ 'ರಹೇ ಹೈಂ', 'ರಹೀ ಹೈಂ' ಎಂದು ಇಬ್ಭಾಗವಾಗುತ್ತದೆ. ಇಂಗ್ಲಿಷಿನಲ್ಲಿ ಒಂದು ಸರ್ವನಾಮವನ್ನು ಬದಲಿಸಿದರೆ ನೀಗುವ ತೊಡಕು ಇಂಥ ಭಾಷೆಗಳಲ್ಲಿ ಕ್ರಿಯಾಪದದ ಒಳಗೇ ಕುಳಿತಿರುತ್ತದೆ.

ಎಲ್ಲ ಬಳಕೆದಾರರೂ ತಮ್ಮ ಲಿಂಗವನ್ನು ನಮೂದಿಸಬೇಕೆಂದು ಕೇಳುವುದು ಸಂಸ್ಥೆ ಕಂಡುಕೊಂಡ ಪರಿಹಾರ. ಈ ಎರಡೇ ವರ್ಗಗಳನ್ನು ಸಂಕುಚಿತವೆಂದು ಭಾವಿಸುವ ಸಮುದಾಯಗಳ ಆಕ್ಷೇಪವನ್ನು ಉಲ್ಲೇಖಿಸಿ, ಪ್ರೊಫೈಲಿನಿಂದ ಲಿಂಗವನ್ನು ತೆಗೆದುಹಾಕುವ ಅವಕಾಶವನ್ನು ಅದು ಉಳಿಸಿಕೊಂಡಿತು. ಹೀಗೆ ಒಂದು ಭಾಷೆಯ ಅನ್ವಯದ ಅಗತ್ಯವು ಎಲ್ಲ ಭಾಷೆಗಳ ಬಳಕೆದಾರರ ಗುರುತಿನ ಪ್ರಶ್ನೆಯಾಗಿ ಮಾರ್ಪಟ್ಟಿತು. ಲಿಂಗಾನ್ವಯವೇ ಇಲ್ಲದ ಭಾಷೆಯನ್ನು ಆಡುವವರೂ ಈ ಪ್ರಶ್ನೆಗೆ ಉತ್ತರಿಸಬೇಕಾಯಿತು.

4. ಪಠ್ಯದ ಕಲಂ ಮತ್ತು ಪಟ್ಟಿ: 2010–2015

ಎರಡು ವರ್ಷಗಳ ಬಳಿಕ ಡಯಾಸ್ಪೊರಾ ಎಂಬ ಮುಕ್ತ ತಂತ್ರಾಂಶದ ಜಾಲತಾಣ ಇದಕ್ಕೆ ವಿರುದ್ಧವಾದ ದಾರಿಯನ್ನು ಹಿಡಿಯಿತು. 2010ರಲ್ಲಿ ತಂತ್ರಜ್ಞೆ ಸಾರಾ ಮೇ ಅದರ ಲಿಂಗ ಕಲಮನ್ನು ಆಯ್ಕೆಪಟ್ಟಿಯಿಂದ ಪಠ್ಯದ ಕಲಮಾಗಿ ಬದಲಿಸಿದರು. ಬಳಕೆದಾರರು ಏನನ್ನಾದರೂ ಬರೆಯಬಹುದಾಗಿತ್ತು, ಬರೆಯದೆಯೂ ಇರಬಹುದಾಗಿತ್ತು. ಗುರುತಿನ ದೃಷ್ಟಿಯಿಂದ ಇದು ಅತ್ಯಂತ ಉದಾರವಾದ ವಿನ್ಯಾಸ. ಅನ್ವಯದ ದೃಷ್ಟಿಯಿಂದ ಅತ್ಯಂತ ಕಷ್ಟದ್ದು: ಮನುಷ್ಯ ಓದಬಲ್ಲ ವಿವರಣೆಯಿಂದ ಯಂತ್ರವು ಪ್ರತ್ಯಯವನ್ನು ಆರಿಸಲಾರದು. 2011ರಲ್ಲಿ ಆರಂಭವಾದ ಗೂಗಲ್ ಪ್ಲಸ್ ಪುರುಷ, ಸ್ತ್ರೀ, ಇತರ ಎಂಬ ಮೂರು ಆಯ್ಕೆಗಳನ್ನು ಇಟ್ಟಿತು. 2014ರ ಕೊನೆಗೆ ಅದೂ ಪಠ್ಯದ ಕಲಮನ್ನು ಸೇರಿಸಿತು.

2014ರ ಫೆಬ್ರವರಿ 13ರಂದು ಫೇಸ್‌ಬುಕ್ ಅಮೆರಿಕದ ಇಂಗ್ಲಿಷ್ ಬಳಕೆದಾರರಿಗೆ ಐವತ್ತಕ್ಕೂ ಹೆಚ್ಚು ಲಿಂಗತ್ವ ಪದಗಳ ಪಟ್ಟಿಯನ್ನು ತೆರೆಯಿತು. ಮರುವರ್ಷ ಪಠ್ಯದ ಕಲಮನ್ನೂ ಕೂಡಿಸಿತು. ಪತ್ರಿಕೆಗಳ ಗಮನ ಪದಗಳ ಸಂಖ್ಯೆಯ ಮೇಲಿತ್ತು. ಭಾಷಿಕವಾಗಿ ಮುಖ್ಯವಾದದ್ದು ಅದೇ ಪುಟದಲ್ಲಿದ್ದ ಇನ್ನೊಂದು ಆಯ್ಕೆ: 'ಹಿ', 'ಶಿ', 'ದೆಯ್' ಎಂಬ ಮೂರು ಸರ್ವನಾಮಗಳಲ್ಲಿ ಒಂದನ್ನು ಪ್ರತ್ಯೇಕವಾಗಿ ಆರಿಸಬೇಕಿತ್ತು. ಗುರುತಿನ ಪಟ್ಟಿ ತೆರೆದುಕೊಂಡಿತು. ಅನ್ವಯದ ಪಟ್ಟಿ ಭಾಷೆಯ ಮುಚ್ಚಿದ ವರ್ಗಕ್ಕೆ ತಕ್ಕಂತೆ ಮುಚ್ಚಿಯೇ ಉಳಿಯಿತು. 2008ರಲ್ಲಿ ಒಂದಾಗಿ ಬೆಸೆದಿದ್ದ ಎರಡು ಕೆಲಸಗಳು ಇಲ್ಲಿ ಬೇರೆಯಾದವು.

ಮೂರನೆಯ ಕೆಲಸ ಮಾತ್ರ ಕಣ್ಣಿಗೆ ಕಾಣದಂತೆ ಉಳಿಯಿತು. ಫೇಸ್‌ಬುಕ್‌ನ ಹತ್ತು ವರ್ಷಗಳ ಲಿಂಗ ಸಂಕೇತನವನ್ನು ಅಧ್ಯಯನ ಮಾಡಿದ ರೆನಾ ಬಿವೆನ್ಸ್, ಪುಟದ ಮೇಲೆ ಹತ್ತಾರು ಪದಗಳು ಕಾಣಿಸಿಕೊಂಡರೂ ದತ್ತಸಂಚಯದ ಆಳದಲ್ಲಿ ಸ್ತ್ರೀಗೆ 1, ಪುರುಷನಿಗೆ 2, ಉಳಿದವರಿಗೆ 0 ಎಂಬ ವ್ಯವಸ್ಥೆಯೇ ಮುಂದುವರಿದಿತ್ತೆಂದು ತೋರಿಸಿಕೊಟ್ಟರು. ನೋಂದಣಿಯ ಪುಟದಲ್ಲಿಯೂ ಆಗ ಎರಡೇ ಆಯ್ಕೆಗಳಿದ್ದವು. ಮೇಲ್ಮೈಯಲ್ಲಿ ಪದ, ಆಳದಲ್ಲಿ ಸೊನ್ನೆ: ಐಎಸ್‌ಒ ಮಾನಕದ 'ತಿಳಿಯದು' ಎಂಬ ಗೂಡಿಗೇ ಇದು ಮರಳಿದಂತೆ.

5. ಅನ್ವಯದ ಯಂತ್ರಾಂಗ

ವಿಕಿಪೀಡಿಯದ ತಂತ್ರಾಂಶವಾದ ಮೀಡಿಯಾವಿಕಿ ಲಿಂಗವನ್ನು ಮುಖ್ಯವಾಗಿ ಅನ್ವಯಕ್ಕಾಗಿಯೇ ಕೇಳುತ್ತದೆ. 2009ರಿಂದ ಅದರಲ್ಲಿ ಲಿಂಗಾನುಸಾರ ಪದವನ್ನು ಆರಿಸುವ ಸೂತ್ರವೊಂದಿದೆ. ಅನುವಾದಕರು ಪುರುಷರೂಪ, ಸ್ತ್ರೀರೂಪ, ನಮೂದಿಸದವರ ರೂಪ ಎಂಬ ಮೂರನ್ನು ಕ್ರಮವಾಗಿ ಕೊಡಬಹುದು; ಮೂರನೆಯದನ್ನು ಕೊಡದಿದ್ದರೆ ಮೊದಲನೆಯದು, ಅಂದರೆ ಪುರುಷರೂಪ, ತಾನಾಗಿ ಬರುತ್ತದೆ. ಯೂನಿಕೋಡ್ ವಲಯದ ಐಸಿಯು ಸಂದೇಶ ವಿನ್ಯಾಸದಲ್ಲಿ ಹೀಗಾಗದು. ಅಲ್ಲಿ 'ಇತರ' ಎಂಬ ಶಾಖೆ ಕಡ್ಡಾಯ, ಅದಿಲ್ಲದ ಸಂದೇಶ ದೋಷಪೂರಿತ. ಎರಡರ ನಡುವಿನ ವ್ಯತ್ಯಾಸ ಚಿಕ್ಕದಾಗಿ ಕಂಡರೂ ಪರಿಣಾಮ ದೊಡ್ಡದು: ಅನುವಾದಕರು ಮೌನವಾಗಿದ್ದಾಗ ಯಾರು ಉಳಿಯುತ್ತಾರೆ ಎಂಬುದನ್ನು ಈ ನಿಯಮಗಳೇ ತೀರ್ಮಾನಿಸುತ್ತವೆ.

2021ರ ಮೇ ತಿಂಗಳಲ್ಲಿ ಇನ್‌ಸ್ಟಾಗ್ರಾಮ್ ಸರ್ವನಾಮಗಳಿಗೇ ಒಂದು ಕಲಮನ್ನು ಕೊಟ್ಟಿತು; ಮೊದಲಿಗೆ ಕೆಲವು ಇಂಗ್ಲಿಷ್ ಭಾಷಿಕ ದೇಶಗಳಲ್ಲಿ, ನಾಲ್ಕು ರೂಪಗಳವರೆಗೆ. ಅದೇ ವರ್ಷ ಆಪಲ್ ಸಂಸ್ಥೆ ಸ್ವಯಂಚಾಲಿತ ವ್ಯಾಕರಣಾನ್ವಯವನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ಗಳಲ್ಲಿ ಆರಂಭಿಸಿತು. 2023ರ ಆಂಡ್ರಾಯ್ಡ್ 14ರಲ್ಲಿ ಬಳಕೆದಾರರನ್ನು ಸಂಬೋಧಿಸಲು ಸ್ತ್ರೀಲಿಂಗ, ಪುಲ್ಲಿಂಗ, ನಪುಂಸಕಲಿಂಗಗಳ ಆಯ್ಕೆ ಬಂದಿತು. ಈ ಹಂತದಲ್ಲಿ ಪ್ರಶ್ನೆ ಪ್ರೊಫೈಲಿನಿಂದ ಹೊರಬಂದು ಸಾಧನದ ವ್ಯವಸ್ಥೆಗೇ ಸೇರಿಕೊಂಡಿತು.

6. ಕನ್ನಡದ ನೆಲೆ

ಇಂಗ್ಲಿಷಿನ ಸಮಸ್ಯೆಯನ್ನು ಕನ್ನಡಕ್ಕೆ ತಂದರೆ ಅದರ ಅರ್ಧ ಭಾಗ ಕರಗಿಹೋಗುತ್ತದೆ. 'ಹಿಸ್', 'ಹರ್', 'ದೆಯರ್' ಎಂಬ ಮೂರಕ್ಕೂ ಕನ್ನಡದಲ್ಲಿ ಆತ್ಮಾರ್ಥಕ ಸರ್ವನಾಮದ 'ತನ್ನ' ಅಥವಾ 'ತಮ್ಮ' ಸಾಕು. ನಾನು, ನೀನು, ತಾನು ಎಂಬ ಸರ್ವನಾಮಗಳಿಗೆ ಸ್ವಂತ ಲಿಂಗವಿಲ್ಲ, ಅವು ಸೂಚಿಸುವ ವ್ಯಕ್ತಿಯ ಲಿಂಗವನ್ನೇ ಹೊಂದುತ್ತವೆ ಎಂದು ನಮ್ಮ ವ್ಯಾಕರಣ ಪರಂಪರೆ ಹೇಳುತ್ತದೆ. ಮಧ್ಯಮ ಪುರುಷದ ಕ್ರಿಯಾಪದದಲ್ಲಿಯೂ ಲಿಂಗವಿಲ್ಲ. ಆದ್ದರಿಂದ ಬಳಕೆದಾರರನ್ನು 'ನೀವು' ಎಂದು ಸಂಬೋಧಿಸುವ ಸಂದೇಶಗಳಿಗೆ ಆಂಡ್ರಾಯ್ಡಿನ ಮೂರು ಆಯ್ಕೆಗಳು ಕನ್ನಡದಲ್ಲಿ ಬೇಡವೇ ಬೇಡ. ಲಿಂಗ ಉಳಿಯುವುದು ಪ್ರಥಮ ಪುರುಷದ ಆಖ್ಯಾತ ಪ್ರತ್ಯಯದಲ್ಲಿ: ಬಂದನು, ಬಂದಳು, ಬಂದಿತು. ಅಲ್ಲಿಯೂ 'ಬಂದರು' ಎಂಬ ಗೌರವ ಬಹುವಚನ ಗಂಡು-ಹೆಣ್ಣಿನ ಭೇದವನ್ನು ಅಳಿಸುತ್ತದೆ. 'ಅವರು ತಮ್ಮ ಚಿತ್ರವನ್ನು ಬದಲಾಯಿಸಿದ್ದಾರೆ' ಎಂಬ ವಾಕ್ಯ ಎಲ್ಲರಿಗೂ ಸಲ್ಲುತ್ತದೆ.

ಹಾಗಾದರೆ ಕನ್ನಡದಲ್ಲಿ ಸಮಸ್ಯೆಯೇ ಇಲ್ಲವೆ? ಮೂರು ಕಾರಣಗಳಿಂದ ನಾವು ಹಾಗೆ ಹೇಳಲಾರೆವು.

ಮೊದಲನೆಯದು, ತಟಸ್ಥತೆ ಇಲ್ಲಿ ಗೌರವದ ಮೂಲಕ ದೊರೆಯುತ್ತದೆ. ಗೌರವ ಎಂದರೆ ದೂರವೂ ಹೌದು. ತಾಯಿ ತನ್ನ ಕಿರಿಯ ಕೂಸನ್ನು, ಗೆಳೆಯರು ತಮ್ಮ ಓರಗೆಯವರನ್ನು 'ಅವರು ಬಂದರು' ಎಂದರೆ ಕೇಳುವವರಿಗೆ ಮುನಿಸೋ ವ್ಯಂಗ್ಯವೋ ಧ್ವನಿಸುತ್ತದೆ. ಆತ, ಆಕೆ ಎಂಬ ನಡುವಣ ರೂಪಗಳೂ ಲಿಂಗವನ್ನು ಬಿಡುವುದಿಲ್ಲ. ಸಲುಗೆಯ ನೆಲೆಯಲ್ಲಿ ಕನ್ನಡಕ್ಕೆ ಮನುಷ್ಯವಾಚಿ ತಟಸ್ಥ ರೂಪವಿಲ್ಲ. ಜಾಲತಾಣದ ಔಪಚಾರಿಕ ವಾಕ್ಯದಲ್ಲಿ ಸುಲಭವಾಗಿ ಸಲ್ಲುವ ವ್ಯಕ್ತಿಗೆ ಮನೆಯ ಮಾತಿನಲ್ಲಿ ಸ್ಥಳ ಸಿಗದೆ ಹೋಗಬಹುದು.

ಎರಡನೆಯದು, ಎಲ್ಲರಿಗೂ ಸಲ್ಲುವ ರೂಪ ಯಾರನ್ನೂ ಎತ್ತಿ ತೋರಿಸುವುದಿಲ್ಲ. ಇಂಗ್ಲಿಷಿನಲ್ಲಿ ಏಕವಚನದ 'ದೆಯ್' ಆರಿಸಿಕೊಂಡವರ ಆಯ್ಕೆ ಪ್ರತಿ ವಾಕ್ಯದಲ್ಲಿಯೂ ಕಾಣುತ್ತದೆ. ಅಮೆರಿಕನ್ ಡಯಲೆಕ್ಟ್ ಸೊಸೈಟಿ 2015ರ ವರ್ಷದ ಪದವಾಗಿ ಅದನ್ನು ಆರಿಸಿದ್ದು ಈ ಗೋಚರತೆಯ ಒಂದು ಗುರುತು. ಕನ್ನಡದ ಪುಟದಲ್ಲಿ 'ದೆಯ್' ಆರಿಸಿದವರು, 'ಹಿ' ಆರಿಸಿದವರು, ಏನನ್ನೂ ಆರಿಸದವರು ಮೂವರೂ 'ಅವರು' ಆಗುತ್ತಾರೆ. ಕೆಲವರಿಗೆ ಇದು ನೆಮ್ಮದಿ, ಕೆಲವರಿಗೆ ಮರೆಯಾಗುವಿಕೆ.

ಮೂರನೆಯದು ನಪುಂಸಕಲಿಂಗ. ಆಂಡ್ರಾಯ್ಡಿನ ಮೂರನೆಯ ಆಯ್ಕೆಗೆ ಶಾಸ್ತ್ರೀಯ ಪಾರಿಭಾಷಿಕ ಪದ ಇದೇ. ಆದರೆ ಕನ್ನಡದ ಆಡುಮಾತಿನಲ್ಲಿ 'ನಪುಂಸಕ' ಬೈಗುಳ. ವ್ಯಕ್ತಿಯನ್ನು 'ಅದು' ಎನ್ನುವುದು ಬಹುಮಟ್ಟಿಗೆ ತಿರಸ್ಕಾರ. ಪ್ರಸ್ತಾವನೆಯಲ್ಲಿ ನಾವು ಬಳಸಿದ 'ಕಂಡುಕೊಂಡಿದೆ' ಒರಟಾದದ್ದು ಇದರಿಂದಲೇ. ಆದರೂ ಈ ರೂಪದ ಚರಿತ್ರೆ ಅವಮಾನದಷ್ಟೇ ಅಲ್ಲ. 'ಮಗು ಬಂದಿತು' ಎನ್ನುವಾಗ ಅದರಲ್ಲಿ ಅಕ್ಕರೆಯಿದೆ. ಹವ್ಯಕ ಕನ್ನಡದಲ್ಲಿ ಹೆಂಗಸರನ್ನು ನಪುಂಸಕ ರೂಪದಿಂದಲೇ ಸೂಚಿಸುವ ವಾಡಿಕೆಯಿದೆ. ತೆಲುಗಿನ ಏಕವಚನದಲ್ಲಿ ಸ್ತ್ರೀಗೂ ವಸ್ತುವಿಗೂ ಒಂದೇ ಆಖ್ಯಾತ ಪ್ರತ್ಯಯ. ತೊಲ್ಕಾಪ್ಪಿಯಂನ ಪದಪ್ರಕರಣವು ತನ್ನ ಆರಂಭದಲ್ಲಿಯೇ, ಗಂಡುತನದಿಂದ ಬೇರೆಯಾದವರನ್ನು ಸೂಚಿಸುವ ಪದಗಳಿಗೆ ಸ್ವಂತ ಪ್ರತ್ಯಯವಿಲ್ಲವೆಂದು ಗುರುತಿಸಿ, ಅವನ್ನು ಮನುಷ್ಯವರ್ಗದ ಅನ್ವಯಕ್ಕೇ ಸೇರಿಸುತ್ತದೆ. ಕೇಶಿರಾಜನೂ ಲಿಂಗವಿವೇಚನೆಯನ್ನು ಮೂರಕ್ಕೇ ನಿಲ್ಲಿಸದೆ ಮಿಶ್ರಲಿಂಗಗಳನ್ನು ಪರಿಗಣಿಸುತ್ತಾನೆ. ದ್ರಾವಿಡ ವ್ಯಾಕರಣಗಳಿಗೆ ಈ ಪ್ರಶ್ನೆ ಅಪರಿಚಿತವಲ್ಲ.

ವಿಕಿಪೀಡಿಯದ ಕನ್ನಡ ಆವೃತ್ತಿಯಲ್ಲಿ ಈ ಎಲ್ಲ ಎಳೆಗಳ ಪುಟ್ಟ ಪ್ರತಿರೂಪವೊಂದಿದೆ. ಬಳಕೆದಾರರ ಪುಟದ ಶೀರ್ಷಿಕೆ 'ಸದಸ್ಯ' ಎಂದು ಆರಂಭವಾಗುತ್ತದೆ; ಅದೇ ವ್ಯಕ್ತಿಯ ಚರ್ಚೆಯ ಪುಟ 'ಸದಸ್ಯರ ಚರ್ಚೆಪುಟ'. ಮೊದಲನೆಯದರ ಪಕ್ಕದಲ್ಲಿ 'ಸದಸ್ಯೆ' ಎಂಬ ಸ್ತ್ರೀರೂಪ ಇರುವುದರಿಂದ ಅದು ಪುಲ್ಲಿಂಗದತ್ತ ವಾಲುತ್ತದೆ. ಎರಡನೆಯದು ಬಹುವಚನದಿಂದಾಗಿ ಎಲ್ಲರಿಗೂ ಸಲ್ಲುತ್ತದೆ. ಜರ್ಮನ್ ವಿಕಿಪೀಡಿಯ ಸ್ತ್ರೀರೂಪದ ಶೀರ್ಷಿಕೆಯನ್ನು ಪ್ರತ್ಯೇಕವಾಗಿ ಒದಗಿಸಿತು. ಕನ್ನಡದಲ್ಲಿ ಒಂದು 'ರ'ಕಾರ ಅದೇ ಕೆಲಸವನ್ನು, ಎರಡಕ್ಕಿಂತ ಹೆಚ್ಚು ಲಿಂಗತ್ವಗಳಿಗೂ ಒದಗುವಂತೆ ಮಾಡಬಲ್ಲದು.

ಭಾರತದ ಸರ್ಕಾರಿ ನಮೂನೆಗಳು ಇನ್ನೊಂದು ದಾರಿಯಲ್ಲಿ ಬಂದವು. 2011ರ ಜನಗಣತಿ 'ಇತರೆ' ಎಂಬ ವರ್ಗವನ್ನು ಸೇರಿಸಿತು. 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನೂ, ಲಿಂಗತ್ವವನ್ನು ತಾವೇ ನಿರ್ಧರಿಸಿಕೊಳ್ಳುವ ಹಕ್ಕನ್ನೂ ಮಾನ್ಯ ಮಾಡಿತು. ಜಾಲತಾಣಗಳು ಸೊನ್ನೆಯಿಂದ ಹೊರಟವು. ನಮ್ಮ ನಮೂನೆಗಳು 'ಮೂರನೆಯದು' ಎಂಬ ಎಣಿಕೆಯಿಂದ. ಹೆಣ್ಣಾಗಿ ಬದುಕುವ ಟ್ರಾನ್ಸ್ ಮಹಿಳೆಯನ್ನೂ ಎರಡನ್ನೂ ಒಪ್ಪದ ನಾನ್‌ಬೈನರಿ ವ್ಯಕ್ತಿಯನ್ನೂ ಒಂದೇ ಚೌಕದಲ್ಲಿ ಕೂರಿಸುವ ಅಪಾಯ ಈ ಎಣಿಕೆಯಲ್ಲಿದೆ. ಮೊದಲನೆಯವರಿಗೆ ಬೇಕಾದದ್ದು 'ಅವಳು' ಎಂಬ ರೂಪವಿರಬಹುದು, ಮೂರನೆಯ ಚೌಕವಲ್ಲ.

7. ಉಪಸಂಹಾರ

ಈ ಚರಿತ್ರೆಯಿಂದ ಹೊರಡುವ ನಿರ್ಣಯಗಳು ಎರಡು. ಗುರುತು, ಅನ್ವಯ, ವರ್ಗೀಕರಣಗಳನ್ನು ಬೇರೆಬೇರೆಯಾಗಿ ಕೇಳಿದಾಗ ಜಾಲತಾಣಗಳು ಮುಂದಡಿಯಿಟ್ಟಿವೆ, ಒಂದಾಗಿ ಬೆಸೆದಾಗ ಹಿಂಜರಿದಿವೆ. ಅನ್ವಯದ ಪ್ರಶ್ನೆಯನ್ನು ಪ್ರತಿ ಭಾಷೆಯೂ ತನ್ನ ವ್ಯಾಕರಣದ ನೆಲೆಯಿಂದಲೇ ಕೇಳಬೇಕು. ಇಂಗ್ಲಿಷಿನ ಮೂರು ಸರ್ವನಾಮಗಳ ಪಟ್ಟಿಯನ್ನು 'ಅವನು, ಅವಳು, ಅವರು' ಎಂದು ಅನುವಾದಿಸಿದರೆ ಕನ್ನಡದ ಪ್ರಶ್ನೆಗೆ ಉತ್ತರ ದೊರೆಯುವುದಿಲ್ಲ. ಲಿಂಗ ಮತ್ತು ಗೌರವ ಕನ್ನಡದಲ್ಲಿ ಎರಡು ಅಕ್ಷಗಳು. ಕಲಂ ಎರಡನ್ನೂ ಕಾಣಬೇಕು.

ಸಲುಗೆಯ ತಟಸ್ಥ ರೂಪ ಯಾವುದಾಗಬೇಕೆಂದು ನಾವು ಸೂಚಿಸುವುದಿಲ್ಲ. 'ಅವರು' ಗೌರವದ ಭಾರವನ್ನು ಇಳಿಸಿಕೊಂಡು ಓರಗೆಯವರ ಮಾತಿಗೆ ಇಳಿಯಬಹುದು, 'ಅದು' ಅಕ್ಕರೆಯ ಬಳಕೆಯಿಂದ ಹಿಗ್ಗಬಹುದು, ಅಥವಾ ಹೊಸ ರೂಪವೊಂದು ಹುಟ್ಟಬಹುದು. ಇದನ್ನು ತೀರ್ಮಾನಿಸುವವರು ಆ ಭಾಷೆಯಲ್ಲಿ ಬದುಕುವ ನಾನ್‌ಬೈನರಿ ಕನ್ನಡಿಗರು ಮತ್ತು ಅವರನ್ನು ಕರೆಯುವ ಮನೆಮಂದಿ, ಗೆಳೆಯರು. ಅವರ ಮಾತನ್ನು ಅದು ನಡೆಯುವ ಕಡೆಯಲ್ಲೇ ದಾಖಲಿಸುವುದು ಭಾಷಾವಿಜ್ಞಾನಿಗಳ ಕೆಲಸ. ಸಂದೇಶಪಟ್ಟಿಯ 'ಇತರ' ಶಾಖೆಯನ್ನು ಖಾಲಿ ಬಿಡದೆ ಬರೆಯುವುದು ಅನುವಾದಕರ ಕೆಲಸ.