ಬಚ್ಚಲ ನೀರು ಹೋಗುವ ದಾರಿ

ನಮ್ಮ ತೆಂಗಿನ ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲು ಎಲ್ಲಿರಬೇಕು ಅನ್ನುವುದನ್ನು ಹಿತ್ತಿಲ ಇಳಿಜಾರು ತೀರ್ಮಾನಿಸುತ್ತಿತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸುತ್ತಿನ ಊರುಗಳಲ್ಲಿ ಈಗಲೂ ಕಾಣಬಹುದು: ಗೋಡೆಯ ಬುಡದಲ್ಲೊಂದು ತೂತು, ಅಲ್ಲಿಂದ ಗೇಣಗಲದ ಕಾಲುವೆ, ಅದರ ಕೊನೆಗೆ ಒಂದೆರಡು ತೆಂಗಿನ ಮರ, ನಾಲ್ಕು ಬಾಳೆ. ಮಳೆ ಕೈಕೊಟ್ಟ ವರ್ಷ ತೋಟದ ಮರಗಳು ಸೊರಗಿದರೂ ಬಚ್ಚಲ ಮರ ಮಾತ್ರ ಹಸಿರಾಗಿರುತ್ತಿತ್ತು.

ಬಚ್ಚಲು ಅಂದರೆ ಬಹಳ ಕಡೆ ಇಷ್ಟೇ ಇತ್ತು: ಮೂರು ಕಡೆ ಹೆಣೆದ ಗರಿಯ ತಟ್ಟಿ, ಕಾಲಡಿಗೆ ಒಂದು ಕಲ್ಲುಚಪ್ಪಡಿ, ಪಕ್ಕದಲ್ಲಿ ಮಣ್ಣಿನ ನೀರೊಲೆ, ಅದರ ಮೇಲೆ ಹಂಡೆ. ಸ್ಥಿತಿವಂತರಾದರೆ ತಾಮ್ರದ ಹಂಡೆ, ಇಲ್ಲದವರಿಗೆ ಮಣ್ಣಿನದು. ಉರುವಲಿಗೆ ಕಾಯಿ ಸುಲಿದ ಮಟ್ಟೆ, ಚಿಪ್ಪು, ಒಣಗಿದ ಗರಿ. ಒಲೆಯ ಬೂದಿ ಪಾತ್ರೆ ತಿಕ್ಕಲು, ಮಟ್ಟೆಯ ನಾರು ಬೆನ್ನು ಉಜ್ಜಲು. ಕೊಂಡು ತಂದದ್ದು ಅಂದರೆ ಚಪ್ಪಡಿ ಮತ್ತು ಹಂಡೆ.

ರಿಪೇರಿಗೂ ಕಾಲವಿತ್ತು. ನರಕ ಚತುರ್ದಶಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಅದಕ್ಕೆ ಮುಂಚೆ ತಟ್ಟಿ ಬದಲಾಗಬೇಕು, ಒಲೆಗೆ ಮಣ್ಣು ಮೆತ್ತಬೇಕು, ಕಾಲುವೆಯ ಕೆಸರು ಎತ್ತಬೇಕು, ಹಂಡೆ ಬೆಳಗಿ ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆಯಬೇಕು. ಈ ಕೆಲಸಕ್ಕೆ ಮೇಸ್ತ್ರಿ ಬರುತ್ತಿರಲಿಲ್ಲ. ಮಾಡುತ್ತಿದ್ದವರು ಮನೆಯ ಹೆಂಗಸರು. ಯಾರೂ ಅದನ್ನು ಕಟ್ಟಡದ ಕೆಲಸ ಎಂದು ಲೆಕ್ಕಕ್ಕೆ ಹಿಡಿಯಲಿಲ್ಲ, ಅಷ್ಟೆ.

ಇದನ್ನೆಲ್ಲ ಹೊಗಳಿ ಸುಮ್ಮನಾಗಲು ಮನಸ್ಸು ಒಪ್ಪುವುದಿಲ್ಲ. ಹಿತ್ತಿಲೇ ಇಲ್ಲದವರಿಗೆ ಬಚ್ಚಲು ಎಲ್ಲಿಂದ ಬರಬೇಕು? ಊರಾಚೆಯ ಕೇರಿಗಳಲ್ಲಿ, ಆಮೇಲೆ ಬಂದ ಒಂದು ಕೋಣೆಯ ಜನತಾ ಮನೆಗಳ ಸಾಲಿನಲ್ಲಿ, ಗೋಡೆಗೆ ಒರಗಿಸಿದ ತಟ್ಟಿಯೇ ಬಚ್ಚಲು. ಬೆಳಕು ಹರಿಯುವ ಮೊದಲೇ ಹೆಂಗಸರ ಸ್ನಾನ ಮುಗಿಯಬೇಕಿತ್ತು. ಗಾಳಿಗೆ ತಟ್ಟಿ ಬಿದ್ದರೆ ಮಾನದ ಪ್ರಶ್ನೆ. ಗೋಡೆ ಕಟ್ಟಬೇಕೆಂಬ ಆಸೆ ಶೋಕಿಯಿಂದ ಹುಟ್ಟಿದ್ದಲ್ಲ.

ಅಂಥ ಗೋಡೆಗೆ, ನೆಲಕ್ಕೆ ಮೊದಲು ಬಳಕೆಯಲ್ಲಿದ್ದದ್ದು ಸುಣ್ಣದ ಗಾರೆ. ಸುಣ್ಣವನ್ನು ನೆನೆಹಾಕಿ, ಮರಳಿನೊಂದಿಗೆ ಅರೆದು ಹದ ಮಾಡಬೇಕು. ಸಮಯ ಬೇಕು, ಆಳು ಬೇಕು. ಹಾಗಾಗಿ ಗಾರೆ ನೆಲದ ಬಚ್ಚಲು ದೊಡ್ಡ ಮನೆಗಳಿಗೇ ಸೇರಿದ್ದು. ಆಮೇಲೆ ಸಿಮೆಂಟ್ ಬಂತು, ಅದೂ ನಮ್ಮ ಕಾಲಬುಡದಲ್ಲೇ. 1958ರಲ್ಲಿ ಹುಟ್ಟಿದ ಮೈಸೂರ್ ಸಿಮೆಂಟ್ಸ್ ಕಂಪನಿ ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಿ ಕಾರ್ಖಾನೆ ಕಟ್ಟಿತು. 1960ರ ದಶಕದಿಂದ ಅಲ್ಲಿ ಸಿಮೆಂಟ್ ತಯಾರಾಯಿತು. ಚಿಕ್ಕನಾಯಕನಹಳ್ಳಿ ಕಡೆಯ ಸುಣ್ಣದ ಕಲ್ಲು ಅದಕ್ಕೆ ಹೋಗುತ್ತಿತ್ತು.

ಆದರೆ ಕಾರ್ಖಾನೆಯ ಹೊಗೆ ಕಾಣುವ ಊರಿನವರಿಗೂ ಮೂಟೆ ಸುಲಭವಾಗಿ ಸಿಗುತ್ತಿರಲಿಲ್ಲ. ಸಿಮೆಂಟಿನ ಬೆಲೆಯೂ ಹಂಚಿಕೆಯೂ ಸರ್ಕಾರದ ಹಿಡಿತದಲ್ಲಿದ್ದವು. ಪರ್ಮಿಟ್ ಬೇಕಿತ್ತು, ಇಲ್ಲವೇ ಕಾಳಸಂತೆಯ ಬೆಲೆ ಕೊಡಬೇಕಿತ್ತು. ಈ ನಿಯಂತ್ರಣ 1982ರ ಫೆಬ್ರವರಿಯಲ್ಲಿ ಅರ್ಧ ಸಡಿಲವಾಯಿತು, 1989ರ ಮಾರ್ಚ್‌ನಲ್ಲಿ ಪೂರ್ತಿ ಹೋಯಿತು. ಸಣ್ಣ ರೈತ ಕೊಬ್ಬರಿ ಮಾರಿದ ದುಡ್ಡಲ್ಲಿ ಎರಡು ಮೂಟೆ ತಂದು, ತಾನೇ ಕಲಸಿ ಬಚ್ಚಲಿಗೆ ಬಳಿಯುವಂತಾದದ್ದು ಆಮೇಲೆ. ನಮ್ಮ ಪ್ರಕಾರ ಹಳ್ಳಿಯ ಬಚ್ಚಲಿನ ಚರಿತ್ರೆಯಲ್ಲಿ ಟೈಲ್ಸಿಗಿಂತ ದೊಡ್ಡ ತಿರುವು ಇದೇ.

ಒಲೆಯ ಕಡೆಯೂ ಒಂದು ಪ್ರಯತ್ನ ಪಕ್ಕದಲ್ಲೇ ನಡೆದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿತು. ಅಸ್ತ್ರ ಒಲೆ ಹೆಸರಾದದ್ದು ಅಡುಗೆಮನೆಯಲ್ಲಿ. ಅದರ ಉಪಾಯವನ್ನು ನೀರೊಲೆಗೂ ಹಾಕಿಕೊಳ್ಳಬಹುದು: ಉರುವಲಿನ ಕೆಳಗೆ ಗಾಳಿಯಾಡಲು ಜಾಲರಿ, ಹೊಗೆಗೆ ಕೊಳವೆ.

2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾದಾಗ ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಗೊತ್ತಾಯಿತು. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಆಗ ಅದಕ್ಕಿಂತ ಬಹಳ ಕೆಳಗಿತ್ತು. ಅಂದರೆ ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿದ ಒಂದು ಕ್ವಿಂಟಾಲ್ ಕೊಬ್ಬರಿ ಇಳಿದರೂ ಒಂದು ಪುಟ್ಟ ಶೌಚಾಲಯದ ಸಹಾಯಧನಕ್ಕೆ ಸಮ ಬರುತ್ತಿರಲಿಲ್ಲ. ನಮ್ಮ ಕಡೆ ಬಚ್ಚಲು ಕಂತಿನಲ್ಲೇ ಆಗುವುದು ಈ ಕಾರಣಕ್ಕೆ: ಒಂದು ವರ್ಷ ಗೋಡೆ, ಇನ್ನೊಂದು ವರ್ಷ ಬಾಗಿಲು, ದರ ಬಂದ ವರ್ಷ ಟೈಲ್ಸ್.

ಕಂತಿನಲ್ಲಿ ಮಾಡುವುದಾದರೆ ಯಾವುದು ಮೊದಲು? ನಾಲ್ಕಡಿ ಅಗಲ, ಆರಡಿ ಉದ್ದದ ಬಚ್ಚಲು ಹಿಡಿಯಿರಿ. ನೆಲ 24 ಚದರಡಿ. ಗೋಡೆಗೆ ನಾಲ್ಕಡಿ ಎತ್ತರಕ್ಕೆ ಟೈಲ್ಸ್ ಹಾಕಿದರೆ, ಎರಡೂವರೆ ಅಡಿ ಬಾಗಿಲು ಬಿಟ್ಟು, 70 ಚದರಡಿ. ಅಂದರೆ ಟೈಲ್ಸಿನ ಖರ್ಚಿನಲ್ಲಿ ಮುಕ್ಕಾಲು ಪಾಲು ಹೋಗುವುದು ಗೋಡೆಗೆ, ಆದರೆ ನೀರು ನಿಂತು ಹಾಳಾಗುವುದು ನೆಲ. ಹಳಬರು ಚಪ್ಪಡಿಯನ್ನು ಓರೆಯಾಗಿ ಕೂರಿಸುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ಅಡಿಗೆ ಕಾಲಿಂಚು ಇಳಿಜಾರು ಅಂದರೆ ಆರಡಿಗೆ ಒಂದೂವರೆ ಇಂಚು. ಮಟ್ಟಗೋಲು ಇಲ್ಲದಿದ್ದರೆ ಒಂದು ಚೊಂಬು ನೀರು ಚೆಲ್ಲಿ ನೋಡಿದರೆ ಗೊತ್ತಾಗುತ್ತದೆ. ದುಡ್ಡು ಸಾಲದಿದ್ದರೆ ನೆಲಕ್ಕೆ ಕಡಪ ಕಲ್ಲು, ಗೋಡೆಗೆ ನಯವಾದ ಸಿಮೆಂಟ್ ಗಿಲಾವು ಸಾಕು. ಗಿಲಾವಿಗೆ ವಾರವಾದರೂ ನೀರು ಹೊಡೆಯಬೇಕು. ಅದಕ್ಕೆ ಬೇಕಾದದ್ದು ಮೈಕೈ ಕೆಲಸ, ದುಡ್ಡಲ್ಲ.

ಹೊರಗಿನ ದಾರಿಯ ಮಾತು ಉಳಿಯಿತು. ಈಗಿನ ಬಚ್ಚಲುಗಳಲ್ಲಿ ಪೈಪು ಬೀದಿ ಚರಂಡಿಗೆ ತಿರುಗಿದೆ. ಚರಂಡಿ ಇಲ್ಲದ ಕಡೆ ರಸ್ತೆಗೇ ಬಿಟ್ಟಿರುತ್ತಾರೆ. ಉದ್ಯೋಗ ಖಾತರಿ ಯೋಜನೆಯಲ್ಲಿ ಗ್ರಾಮ ಪಂಚಾಯಿತಿಗಳು ‘ಬಚ್ಚಲು ಗುಂಡಿ’ ಎಂಬ ಹೆಸರಿನಲ್ಲಿ ಇಂಗುಗುಂಡಿ ತೋಡಿಸಿದ್ದು ಇದಕ್ಕೇ. ಅಜ್ಜಿಯಂದಿರ ಕಾಲುವೆಗೆ ಸರ್ಕಾರದ ಅಂದಾಜುಪಟ್ಟಿ ಬಂದ ಹಾಗಾಯಿತು, ಬರಲಿ. ಹಳೆಯ ನೀರಿನಲ್ಲಿ ಸೀಗೆಪುಡಿ, ಬೂದಿ ಇರುತ್ತಿದ್ದವು. ಈಗಿನದರಲ್ಲಿ ಸೋಪಿನ ಪುಡಿ, ಆಸಿಡ್ ಇವೆ. ಆದ್ದರಿಂದ ನೆಲ ತೊಳೆದ ಆಸಿಡ್ ನೀರು ಮರಕ್ಕೆ ಬೇಡ, ಶೌಚದ ಪೈಪು ಬೇರೆಯೇ ಇರಲಿ. ಸ್ನಾನದ ನೀರನ್ನೂ ಬುಡಕ್ಕೇ ಸುರಿಯದೆ ಮೂರ್ನಾಲ್ಕು ಅಡಿ ಆಚೆಗೆ, ಪಾತಿಯೊಳಗೆ ಬಿಡುವುದು ಒಳ್ಳೆಯದು. ಅಲ್ಲಿ ಒಂದಷ್ಟು ಹಳೆಯ ಮಟ್ಟೆಯನ್ನು ಒಳಮೈ ಮೇಲಾಗಿ ಹೂತಿಟ್ಟರೆ ತೇವ ಹಿಡಿದಿಡುತ್ತದೆ. ಸನಿಕೆ ಹಿಡಿದರೆ ಅರ್ಧ ದಿನದ ಕೆಲಸ, ಹಬ್ಬಕ್ಕೆ ಮುಂಚೆ ಆದೀತು.