ಬಾನೆಟ್ಟಿನ ಒಳಬಣ್ಣ

ಟೆಲ್ಕೊ, ಡೈಮ್ಲರ್-ಬೆಂಝ್ ಕಂಪನಿಗಳು ಒಪ್ಪಂದ ಮಾಡಿಕೊಂಡು 1954ರಿಂದ ಜಮ್‌ಷೆಡ್‌ಪುರದಲ್ಲಿ ಲಾರಿಗಳನ್ನು ತಯಾರಿಸಿದವು. ಅವುಗಳ ಮುಂಭಾಗದ ನಕ್ಷತ್ರ ಆ ಒಪ್ಪಂದದ ಗುರುತು. 1969ರಲ್ಲಿ ಒಪ್ಪಂದ ಮುಗಿಯಿತು.

ಇಂಥ ಲಾರಿಯ ಎಂಜಿನ್ ಸುತ್ತಲಿನ ಮೂಲ ಬಣ್ಣ ಬಿಸಿಲು, ಎಣ್ಣೆ ತಾಗದ ಕಡೆ ಉಳಿದಿರುತ್ತದೆ: ನಂಬರ್ ತಗಡಿನ ಹಿಂದೆ, ಕ್ಲಾಂಪುಗಳ ಅಡಿಯಲ್ಲಿ. ಅಲ್ಲಿ ಉಗುರಗಲ ಜಾಗವನ್ನು ವಾಟರ್ ಪೇಪರಿನಿಂದ ಉಜ್ಜಿದರೆ ಪದರಗಳು ಬಳೆಗಳಂತೆ ಒಂದರೊಳಗೊಂದು ಕಾಣುತ್ತವೆ. ಪ್ರೈಮರಿಗೆ ಅಂಟಿದ ಬಳೆಯೇ ಸಾಮಾನ್ಯವಾಗಿ ಕಾರ್ಖಾನೆಯದು.

ಆ ಬಣ್ಣವನ್ನೇ ಮತ್ತೆ ಹೊಡೆಯುವುದಾದರೆ ಅದು ಯಾವ ಬಗೆಯದು ಎಂಬುದೂ ಮುಖ್ಯ: ಡೀಸೆಲ್ ಬಿದ್ದರೆ ಸಾದಾ ಎನಾಮೆಲ್ ಮೆತ್ತಗಾಗಿ ಏಳುತ್ತದೆ. ಹಾರ್ಡನರ್ ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಹೆಚ್ಚು ತಾಳುತ್ತದೆ. ಎಕ್ಸಾಸ್ಟ್ ಮ್ಯಾನಿಫೋಲ್ಡಿಗೆ ಎರಡೂ ಆಗವು, ಶಾಖ ತಡೆಯುವ ಬಣ್ಣವೇ ಬೇಕು. ಎಲ್ಲವನ್ನೂ ಕಪ್ಪು ಬಳಿದುಬಿಡುವುದು ಸರಿಯಲ್ಲ: ಎಣ್ಣೆ ಸೋರಿದ್ದು ತಿಳಿಬಣ್ಣದ ಮೇಲೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಅರ್ತ್ ತಂತಿ ಕೂರುವ ಜಾಗಕ್ಕೆ ಮಾತ್ರ ಬಣ್ಣವೇ ಇಲ್ಲ, ಬರಿಯ ಲೋಹ.