ಬಾಲ್ ಪೈಥಾನ್: ಸಾಕಣೆಯಲ್ಲಿ ಆಹಾರಕ್ರಮ

ಪಶ್ಚಿಮ ಹಾಗೂ ಮಧ್ಯ ಆಫ್ರಿಕದ ಹುಲ್ಲುಗಾವಲುಗಳ ನಿವಾಸಿಯಾದ ಬಾಲ್ ಪೈಥಾನ್ ಎಂಬ ಗಿಡ್ಡ ಹೆಬ್ಬಾವು, ಬೆದರಿದೊಡನೆ ತಲೆಯನ್ನು ಒಳಗಿಟ್ಟು ಚೆಂಡಿನಂತೆ ಸುರುಳಿಗೊಳ್ಳುವ ಸಾಧುಸ್ವಭಾವದ ದೆಸೆಯಿಂದ, ಅಮೆರಿಕ ಮತ್ತು ಯೂರೋಪಿನ ಮನೆಗಳಲ್ಲಿ ಬಹುವಾಗಿ ಸಾಕಲ್ಪಡುವ ಹಾವುಗಳಲ್ಲೊಂದು. ವಿಷರಹಿತವಾದರೂ ಇದಕ್ಕೆ ಉಣಿಸುವಾಗ ಎಚ್ಚರಿಕೆ ಅವಶ್ಯಕ. ಏಕೆಂದರೆ ಇದರ ತುಟಿಯಂಚಿನ ಕುಳಿಗಳು ಶಾಖವನ್ನು ಗ್ರಹಿಸುವ ಇಂದ್ರಿಯಗಳಾಗಿದ್ದು, ಇಲಿಯ ವಾಸನೆ ಹತ್ತಿದ ಬೆಚ್ಚನೆಯ ಕೈಗೂ ಇಲಿಗೂ ಅದು ಭೇದವೆಣಿಸದು.

ಜೀವಂತ ಇಲಿಯನ್ನು ಗೂಡಿನೊಳಕ್ಕೆ ಬಿಡುವುದು ಹಳೆಯ ರೂಢಿ. ಸಹಜವೆಂದು ತೋರುವ ಈ ಪದ್ಧತಿ ಹಾವಿಗೇ ಅಪಾಯಕರವಾದುದು: ಹಸಿವಿಲ್ಲದ ಹಾವಿನೊಡನೆ ಇರುಳಿಡೀ ಉಳಿದ ಇಲಿ ಅದರ ಬೆನ್ನನ್ನು ಮಾಂಸ ಕಾಣುವಂತೆ ಕಡಿದುಹಾಕಬಲ್ಲುದು. ಆದುದರಿಂದ ಕೊಂದು ಹೆಪ್ಪುಗಟ್ಟಿಸಿದ ಇಲಿಯೇ ಉಚಿತ. ಅದನ್ನು ಮುಚ್ಚಿದ ಡಬ್ಬಿಯಲ್ಲಿ ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿರಿಸಿ ಕರಗಿಸಿ, ಬಳಿಕ ಪ್ಲಾಸ್ಟಿಕ್ ಚೀಲದೊಡನೆ ಬಿಸಿನೀರಿನಲ್ಲಿ ಮುಳುಗಿಸಿ ಬೆಚ್ಚಗಾಗಿಸತಕ್ಕದ್ದು. ಮೈಕ್ರೋವೇವಿನಲ್ಲಿಟ್ಟರೆ ಒಂದೆಡೆ ಬೆಂದು ಮತ್ತೊಂದೆಡೆ ಹೆಪ್ಪಾಗಿಯೇ ಉಳಿಯುವುದಲ್ಲದೆ ಹೊಟ್ಟೆ ಬಿರಿಯುವುದೂ ಉಂಟು. ಉದ್ದನೆಯ ಚಿಮಟದಲ್ಲಿ ಹಿಡಿದು ಮೆಲ್ಲನೆ ಆಡಿಸಿದಾಗ ಹಾವು ನಾಲಗೆ ಚಾಚಿ ವಾಸನೆಯರಿತು, ಕೊರಳನ್ನು ಹಿಂದಕ್ಕೆ ಮಡಿಚಿ, ಫಕ್ಕನೆ ಎರಗಿ ಸುತ್ತಿಕೊಳ್ಳುವುದು. ಸತ್ತ ಇಲಿಯನ್ನೂ ಬಿಡದೆ ಹಿಸುಕುವ ಅದರ ಶ್ರದ್ಧೆ ನೋಡುವವರಿಗೆ ವಿನೋದವೇ ಸರಿ.

ಇಲಿಯ ದಪ್ಪ ಹಾವಿನ ನಡುಮೈಯ ದಪ್ಪವನ್ನು ಮೀರಬಾರದು. ಮರಿಗೆ ವಾರಕ್ಕೊಮ್ಮೆ, ಬೆಳೆದ ಹಾವಿಗೆ ಎರಡು ವಾರಕ್ಕೊಮ್ಮೆ ಉಣಿಸಿದರೆ ಸಾಕು. ಹಾವಿನ ದೇಹಕ್ಕೆ ಸ್ವಂತ ಶಾಖವಿಲ್ಲದ ಕಾರಣ ಗೂಡಿನ ಒಂದು ಮೂಲೆಯಾದರೂ ಸುಮಾರು 32 ಡಿಗ್ರಿ ಸೆಲ್ಸಿಯಸ್ ಇಲ್ಲದಿದ್ದರೆ ನುಂಗಿದ್ದು ಜೀರ್ಣವಾಗದೆ ಒಳಗೇ ಕೊಳೆತು ಹೊರಬರುವುದು. ಉಂಡ 48 ಗಂಟೆಗಳೊಳಗೆ ಎತ್ತಿ ಆಡಿಸಿದರೂ ಇದೇ ಫಲ.

ಪೊರೆ ಬಿಡುವ ಮುನ್ನ ಕಣ್ಣು ಮಬ್ಬಾದಾಗ ಇದು ಉಣ್ಣದಿರುವುದು ಸಾಮಾನ್ಯ. ಬಲಿತ ಗಂಡು ತಿಂಗಳುಗಟ್ಟಲೆ ಉಪವಾಸವಿರುವುದೂ ಉಂಟು. ತೂಕ ಇಳಿಯದಿರುವವರೆಗೆ ಗಾಬರಿ ಅನಾವಶ್ಯಕ. ಬಾಯಿ ತೆರೆಸಿ ತುರುಕುವುದು ಪಶುವೈದ್ಯರಿಗೆ ಬಿಡತಕ್ಕ ಕಾರ್ಯ. ನೀರು ಸದಾ ಇರಬೇಕು. ಹಾಲು, ನಾಗರಪಂಚಮಿಯ ನಂಬಿಕೆ ಏನೇ ಇರಲಿ, ಯಾವ ಹಾವಿನ ಆಹಾರವೂ ಅಲ್ಲ.

ಹೆಪ್ಪುಗಟ್ಟಿದ ಇಲಿಯಲ್ಲಿಯೂ ಸಾಲ್ಮೊನೆಲ್ಲಾ ಜೀವಾಣು ಸಾಯದಾದ್ದರಿಂದ ಅಡುಗೆಯ ಪಾತ್ರೆಗಳನ್ನು ಇದಕ್ಕೆ ಬಳಸಕೂಡದು. ಉಣಿಸಿದ ಬಳಿಕ ಕೈಯನ್ನು ಸಾಬೂನಿನಿಂದ ತೊಳೆಯುವುದು ಅಗತ್ಯ. ಐದು ವರ್ಷಕ್ಕಿಂತ ಚಿಕ್ಕ ಮಕ್ಕಳನ್ನು ಹಾವಿನಿಂದ ದೂರವಿಡಬೇಕು. ಭಾರತದಲ್ಲಿ ನಾಗರ, ಕೇರೆ, ಹೆಬ್ಬಾವು ಮೊದಲಾದ ಸ್ವದೇಶಿ ಹಾವುಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ.